ಜೊತೆಗೆ ಕೂತು ತಿಂದವರಿಗೆಲ್ಲ ನಮಸ್ಕಾರ

ಊಟ, ಮನಸ್ಸು, ಮೈಕಟ್ಟು ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಮಾತಾಡುವ, ಊಟಕ್ಕೇ ಹೆದರುವ ಅಥವಾ ತಿನ್ನುವುದರ ಹಿಡಿತ ತಪ್ಪುವ ಕಾಯಿಲೆ (ಈಟಿಂಗ್ ಡಿಸಾರ್ಡರ್) ಇರುವವರಿಗಾಗಿಯೇ ಇರುವ ಉಡುಪಿಯ ನಮ್ಮ ಗುಂಪಿನ 12 ವಾರ ಮೊನ್ನೆ ಶನಿವಾರ ಮುಗಿಯಿತು. ಕೈ ಹಚ್ಚಿದವರಿಗೆ ಧನ್ಯವಾದ ಹೇಳದೆ ಮುಂದಿನ ಗುಂಪು ಶುರು ಮಾಡಲು ಮನಸ್ಸಿಲ್ಲ.

ಕಡಿಯಾಳಿಯಲ್ಲಿ ಜಾಗ ಬಿಟ್ಟುಕೊಟ್ಟವರು ಹೇಳಿದ ಕೂಡಲೇ ತೂಕದ ಮಿಷನ್ ಒಳಗಿಟ್ಟು, ಗೋಡೆಯ ಕನ್ನಡಿಗೆ ಬೈರಾಸು ಹೊದೆಸಿದರು. ಯಾಕೆಂದು ಹಲವರು ಕೇಳಿದ್ದಿರಿ. ಒಬ್ಬರು ತಮ್ಮ ತೂಕ ಬಾಯಿಬಿಟ್ಟರೆ ಸಾಕು, ಉಳಿದ ಒಂಬತ್ತು ಜನ ಮನಸ್ಸಿನಲ್ಲೇ ಹೋಲಿಸಿಕೊಳ್ಳುತ್ತಾರೆ. ಹಾಗಾಗಿ ಕೆಜಿ, ಕ್ಯಾಲೊರಿ, ಬಟ್ಟೆಯ ಸೈಜು ಯಾವುದನ್ನೂ ಒಳಗೆ ಹೇಳುವಂತಿರಲಿಲ್ಲ. ವಾಂತಿ ಮಾಡಿಕೊಂಡ ಬಗೆಯನ್ನು ವಿವರಿಸುವುದೂ ಬೇಡ. ಕೇಳಿದವರಿಗೆ ಅದೇ ಪಾಠವಾಗಿಬಿಡುತ್ತದೆ.

ಅಡುಗೆಯ ಅಕ್ಕಂದಿರ ಋಣ ದೊಡ್ಡದು. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ, ಎಚ್ಚರ ಇರುವಾಗ ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬಾರದು: ಇದೇ ನಮ್ಮ ಕೆಲಸದ ಬೆನ್ನೆಲುಬು. ಬೆಳಗ್ಗೆ ಬಿಟ್ಟ ತಿಂಡಿ ರಾತ್ರಿ ಹಿಡಿತ ತಪ್ಪಿ ತಿನ್ನಿಸುತ್ತದೆ. ಆಮೇಲೆ ನಾಚಿಕೆ, ಮರುದಿನ ಮತ್ತೆ ಉಪವಾಸ. ಇದು ಮನಸ್ಸು ಗಟ್ಟಿಯಿಲ್ಲದ್ದರಿಂದ ಅಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಗಂಡಸರ ಊಟವನ್ನು ಸುಮಾರು ಅರ್ಧಕ್ಕೆ ಇಳಿಸಿದಾಗ ಅವರಿಗೂ ಹಗಲಿರುಳು ತಿನ್ನುವುದರದ್ದೇ ಧ್ಯಾನವಾಗಿತ್ತು.

ಹೆದರಿಕೆ ಹುಟ್ಟಿಸುವ ತಿಂಡಿಯನ್ನು ಎಲ್ಲರ ಜೊತೆ ತಿಂದು ನೋಡಲೆಂದು ಐದನೇ ವಾರ ಗೋಳಿಬಜೆ ಮಾಡಿಸಿದೆವು. ಒಬ್ಬರಿಗೆ ಎರಡು, ಕಾಯಿಚಟ್ನಿ, 20 ನಿಮಿಷ. ಕಾಗದಕ್ಕೆ ಒತ್ತಿ ಎಣ್ಣೆ ತೆಗೆಯುವ ಕೈ, ಚೂರು ಮಾಡಿ ತಟ್ಟೆಯ ಅಂಚಿಗೆ ಸರಿಸುವ ಬೆರಳು ಕಂಡವು. ಅಕ್ಕಂದಿರು ‘ತಿನ್ನು ಮಾರಾಯ್ತಿ’ ಎಂದು ಒತ್ತಾಯಿಸಲಿಲ್ಲ, ‘ಅಷ್ಟೇ ಸಾಕಾ’ ಎಂದೂ ಕೇಳಲಿಲ್ಲ. ಪಕ್ಕದಲ್ಲಿ ಕೂತು ತಮ್ಮ ಪಾಲು ತಿನ್ನುತ್ತ ಮಳೆಯ ಮಾತಾಡಿದರು. ತಿಂದ ಮೇಲೆ ಯಾರೂ ಒಬ್ಬರೇ ಎದ್ದು ಹೋಗದೆ ಅರ್ಧ ಗಂಟೆ ಅಲ್ಲೇ ಕೂತರು. ಏರಿದ ಆತಂಕ ತಾನಾಗಿ ಇಳಿಯಲು ಅಷ್ಟು ಹೊತ್ತು ಬೇಕು.

ಅಳತೆ ತೆಗೆಯುವಾಗ ಇಂಚನ್ನು ಗಟ್ಟಿಯಾಗಿ ಹೇಳದೆ ಪುಸ್ತಕದಲ್ಲಿ ಬರೆದುಕೊಂಡು, ರವಿಕೆಗೆ ಒಳಗೆ ಹೆಚ್ಚು ಬಟ್ಟೆ ಬಿಟ್ಟು ಹೊಲಿದ ಟೈಲರಣ್ಣನನ್ನು ಮರೆಯಲಾರೆವು. ಏಕಾದಶಿಯ ಉಪವಾಸ ವ್ರತವೋ ಕಾಯಿಲೆಯೋ ಎಂಬ ಪ್ರಶ್ನೆ ಎದ್ದಾಗ ಹಿರಿಯರೊಬ್ಬರು ಕೊಟ್ಟ ಗುರುತನ್ನೂ ಅಷ್ಟೇ: ವ್ರತ ಮಾಡಿದವರು ದ್ವಾದಶಿಯ ಪಾರಣೆಗೆ ಕಾಯುತ್ತಾರೆ, ಪಾರಣೆಗೇ ಹೆದರುವವರಿದ್ದರೆ ಮೆಲ್ಲಗೆ ಕರೆದು ಮಾತಾಡಿಸಬೇಕು.

ಸೇರುವ ಮೊದಲೇ ಪ್ರತಿಯೊಬ್ಬರನ್ನೂ ಪರೀಕ್ಷಿಸಿದ ವೈದ್ಯರಿಗೆ ವಂದನೆ. ಪದೇ ಪದೇ ವಾಂತಿಯಾದರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ಹದ ತಪ್ಪಬಹುದು. ಹಲವು ದಿನ ಏನೂ ತಿನ್ನದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಬಡಿಸಿದರೂ ಜೀವಕ್ಕೆ ಅಪಾಯ. ಅಂಥವರಿಗೆ ಮೊದಲು ಆಸ್ಪತ್ರೆ, ಆಮೇಲೆ ಗುಂಪು. ರಾತ್ರಿ ಹೊತ್ತು ಮನಸ್ಸು ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದಿನದ 24 ಗಂಟೆಯೂ ಉಚಿತ.

ಇನ್ನು ಮನೆಯವರು. ‘ಸಪೂರ ಆದೆ, ಈಗ ಚಂದ ಕಾಣ್ತಿ’ ಎಂಬ ಹೊಗಳಿಕೆಯೂ ಕಾಯಿಲೆಗೆ ನೀರೆರೆಯುತ್ತದೆ ಎಂದಾಗ ನೀವು ನಂಬಿದಿರಿ. ಬಾಗಿಲಲ್ಲಿ ಮೈ ನೋಡಿ ಮಾತಾಡುವುದನ್ನು ಬಿಟ್ಟು ‘ಚಾ ಆಯ್ತಾ? ಬಾ, ಕೂತ್ಕೋ’ ಎಂದಿರಲ್ಲ, ಅದಕ್ಕೆ.