ಐದು ಪೈಸೆಯ ಚೀಟಿ, ರದ್ದಿಗೆ ಹೋದ ಪತ್ರಿಕೆ: ಮಹಾಪೌರರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮಹಾಪೌರರು,
ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆ

ಮಾನ್ಯರೆ,

1971ರ ನವೆಂಬರ್ 15ರಿಂದ ದೇಶದ ಬಹುತೇಕ ಕಡೆ ಅಂಚೆಗೆ ಹಾಕುವ ಪತ್ರಗಳಿಗೆ ಐದು ಪೈಸೆಯ ಹೆಚ್ಚುವರಿ ಚೀಟಿ ಹಚ್ಚುವುದು ಕಡ್ಡಾಯವಾಯಿತು. ಕುಟುಂಬ ಯೋಜನೆಯ ಚೀಟಿಯ ಮೇಲೆಯೇ ‘ನಿರಾಶ್ರಿತರ ಪರಿಹಾರ’ ಎಂಬರ್ಥದ ಮಾತನ್ನು ಹಿಂದಿ, ಇಂಗ್ಲಿಷಿನಲ್ಲಿ ಅಚ್ಚೊತ್ತಿ ಹಂಚಿದ್ದರು. ಆಗ ನಾನು ಧಾರವಾಡದಲ್ಲಿ ಏಳನೆಯ ಇಯತ್ತೆಯ ಹುಡುಗ. ಗದಗಿಗೆ ಕೊಟ್ಟಿದ್ದ ಅಕ್ಕನಿಗೆ ಅಪ್ಪ ಪತ್ರ ಬರೆದಾಗಲೆಲ್ಲ ಆ ಚೀಟಿಯನ್ನು ನಾಲಿಗೆಗೆ ತಾಗಿಸಿ ಹಚ್ಚುವ ಕೆಲಸ ನನ್ನ ಪಾಲಿಗಿತ್ತು. ಪೂರ್ವ ಬಂಗಾಳದಲ್ಲಿ (ಆಗಿನ ಪೂರ್ವ ಪಾಕಿಸ್ತಾನ, ಇಂದಿನ ಬಾಂಗ್ಲಾದೇಶ) ಪಾಕಿಸ್ತಾನದ ಸೇನೆ ನಡೆಸಿದ ಕೊಲೆಗಳ ಸುದ್ದಿ ನನ್ನ ಮಟ್ಟಿಗೆ ಮೊದಲು ಬಂದದ್ದು ಆ ಅಂಟಿನ ರುಚಿಯಲ್ಲಿ. ಆಕಾಶವಾಣಿ, ಪತ್ರಿಕೆಗಳೆಲ್ಲ ಅನಂತರ.

ಇಷ್ಟು ವರ್ಷಗಳ ಮೇಲೆ ಇದನ್ನು ತಮ್ಮ ಮುಂದೆ ಹೇಳಲು ಕಾರಣವಿದೆ. ದೂರದ ದೇಶದಲ್ಲಿ ನಡೆದ ಹಿಂಸೆ ನಮ್ಮ ಊರಿನ ಮನಸ್ಸನ್ನು ಹೇಗೆ ರೂಪಿಸಿತು ಎಂಬುದಕ್ಕೆ ಉಳಿದಿರುವ ಸಾಕ್ಷ್ಯ ಎರಡೇ: ಹಳೆಯ ಪತ್ರಿಕೆಗಳು ಮತ್ತು ಎಪ್ಪತ್ತು ದಾಟಿದವರ ನೆನಪು. ಎರಡೂ ನಮ್ಮ ಕಣ್ಣೆದುರೇ ಹೋಗುತ್ತಿವೆ.

ಆ ವರ್ಷ ಜಗತ್ತಿನ ಅಭಿಪ್ರಾಯವನ್ನು ತಿರುಗಿಸಿದ ವರದಿಯನ್ನು ಬರೆದವರು ನಮ್ಮ ಪಕ್ಕದ ಬೆಳಗಾವಿಯಲ್ಲಿ ಹುಟ್ಟಿದವರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಗೋವೆಯ ಕ್ರೈಸ್ತ ಮನೆತನದ ಆಂಥೋನಿ ಮಸ್ಕರೇನ್ಹಸ್ ಕರಾಚಿಯಲ್ಲಿ ಓದಿ ಅಲ್ಲಿಯೇ ಪತ್ರಕರ್ತರಾಗಿದ್ದರು. ಎಲ್ಲವೂ ಶಾಂತವಾಗಿದೆ ಎಂದು ಬರೆಸಲು ಪಾಕಿಸ್ತಾನದ ಸೇನೆ ಅವರನ್ನೂ ಇತರ ಕೆಲವು ಪತ್ರಕರ್ತರನ್ನೂ ಪೂರ್ವ ಭಾಗಕ್ಕೆ ಕರೆದೊಯ್ದಿತು. ಮಸ್ಕರೇನ್ಹಸ್ ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಮರಳಿ, ಹೆಂಡತಿ ಮಕ್ಕಳನ್ನು ಮೊದಲು ದೇಶದಿಂದ ಹೊರಗೆ ಕಳಿಸಿ, ತಾವು ಅಫ್ಘಾನಿಸ್ತಾನದ ಗಡಿ ದಾಟಿ ಪಾರಾದ ಮೇಲೆಯೇ, 1971ರ ಜೂನ್ 13ರ ಲಂಡನ್ನಿನ ಸಂಡೇ ಟೈಮ್ಸ್‌ನಲ್ಲಿ ಆ ವರದಿ ಅಚ್ಚಾಯಿತು. ತಲೆಬರಹ ಒಂದೇ ಪದ: ನರಮೇಧ. ಆ ಬರಹ ತಮ್ಮನ್ನು ತೀವ್ರವಾಗಿ ಕಲಕಿತೆಂದೂ, ಯುರೋಪಿನ ರಾಜಧಾನಿಗಳಿಗೂ ಮಾಸ್ಕೋಗೂ ತಾವೇ ಹೋಗಿ ಮಾತನಾಡಲು ಅದೇ ಪ್ರೇರಣೆಯಾಯಿತೆಂದೂ ಇಂದಿರಾ ಗಾಂಧಿಯವರು ಪತ್ರಿಕೆಯ ಸಂಪಾದಕ ಹೆರಾಲ್ಡ್ ಇವಾನ್ಸ್ ಅವರಿಗೆ ಹೇಳಿದ್ದರು.

ಆದರೆ ನನ್ನನ್ನು ಹೆಚ್ಚು ಕಾಡುವುದು ಆಗ ಗಟ್ಟಿಯಾಗಿ ಹೇಳದೆ ಬಿಟ್ಟ ಸಂಗತಿ. ಗಡಿ ದಾಟಿ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರಲ್ಲಿ ಹಿಂದೂಗಳೇ ಬಹುಸಂಖ್ಯಾತರಾಗಿದ್ದರು. ಇದನ್ನು ವಿದೇಶಿಯರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದ ಕೇಂದ್ರ ಸರಕಾರ, ದೇಶದೊಳಗೆ ಮಾತ್ರ ಎತ್ತಿ ಆಡಲಿಲ್ಲ. ಆಡಿದರೆ ನಮ್ಮ ಓಣಿಗಳಲ್ಲಿ ಏನಾದೀತು ಎಂಬ ಅಂಜಿಕೆ ಅದಕ್ಕಿತ್ತು. ಅದು ಸರಿಯೇ ತಪ್ಪೇ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಸತ್ಯವನ್ನು ತಡೆಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಹುಬ್ಬಳ್ಳಿಯಲ್ಲಿ ಬಾಳಿದ ಯಾರೂ ಆ ಅಂಜಿಕೆಯನ್ನು ಹುಸಿಯೆಂದು ತಳ್ಳಿಹಾಕಲಾರರು. ಹಾಗಾದರೆ ನಮ್ಮ ಊರಿನ ಪತ್ರಿಕೆಗಳು ಆ ತಿಂಗಳುಗಳಲ್ಲಿ ಏನು ಬರೆದವು, ಏನನ್ನು ಬಿಟ್ಟವು, ಓದುಗರು ಪತ್ರ ಬರೆದು ಏನು ಕೇಳಿದರು? ಇದಕ್ಕೆ ಉತ್ತರ ದೆಹಲಿಯ ಕಡತಗಳಲ್ಲಿ ಸಿಗುವುದಿಲ್ಲ.

ಸುದ್ದಿಗೆ ಯಾರು ಹೊಣೆ ಎಂಬುದು ತಿಳಿಯದೆ ಹೋದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ ಕಂಡಿದೆ. ಮೊದಲ ಮಹಾಯುದ್ಧ ಶುರುವಾದ 1914ರ ಆಗಸ್ಟಿನಲ್ಲಿ ಜರ್ಮನ್ ಸೇನೆ ಬೆಲ್ಜಿಯಮ್ಮಿನ ಲೂವೆನ್ ಊರಿನ ಗ್ರಂಥಾಲಯವನ್ನು ಸುಟ್ಟದ್ದು ನಿಜ, ದಿನಾಂ ಊರಿನಲ್ಲಿ 674 ನಾಗರಿಕರನ್ನು ಕೊಂದದ್ದು ನಿಜ. ಆದರೆ ಬ್ರಿಟನ್ನಿನ ಪ್ರಯಾಣಿಕರ ಹಡಗು ಲುಸಿಟಾನಿಯಾವನ್ನು ಜರ್ಮನ್ನರು ಮುಳುಗಿಸಿದ ಐದೇ ದಿನಕ್ಕೆ, 1915ರ ಮೇ 12ರಂದು ಹೊರಬಂದ, ಜರ್ಮನ್ ಸೇನೆಯ ದೌರ್ಜನ್ಯಗಳ ವಿಚಾರಣೆಗೆ ಬ್ರಿಟನ್ ಸರಕಾರ ನೇಮಿಸಿದ್ದ ಬ್ರೈಸ್ ಸಮಿತಿಯ ವರದಿ, ಪ್ರಮಾಣ ಮಾಡಿಸದೆ ಪಡೆದ, ಹೆಸರಿಲ್ಲದ ಸಾಕ್ಷಿಗಳ ಹೇಳಿಕೆಗಳನ್ನು ಈ ನಿಜದ ಜೊತೆ ಕಲಸಿಬಿಟ್ಟಿತು. 1917ರಲ್ಲಿ, ಜರ್ಮನ್ನರು ಹೆಣಗಳಿಂದ ಕೊಬ್ಬು ತೆಗೆಯುವ ಕಾರ್ಖಾನೆ ನಡೆಸುತ್ತಾರೆಂಬ ಸುದ್ದಿಯೂ ಹಬ್ಬಿತು; ಅದಕ್ಕೆ ಆಧಾರವಿಲ್ಲವೆಂದು 1925ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿಯೇ ಒಪ್ಪಿಕೊಳ್ಳಬೇಕಾಯಿತು. ಇದರ ಬೆಲೆ ತೆತ್ತವರು ಬೇರೆಯವರು. ಯುರೋಪಿನ ಯಹೂದಿಗಳ ಸಾಮೂಹಿಕ ಕೊಲೆಯ ಸುದ್ದಿ ಬಂದಾಗ, 1943ರಲ್ಲಿಯೂ, ಬ್ರಿಟನ್ನಿನ ಹಿರಿಯ ಅಧಿಕಾರಿಯೊಬ್ಬರು ಅದೇ ಕೊಬ್ಬಿನ ಕಾರ್ಖಾನೆಯ ಕತೆಯನ್ನು ನೆನಪಿಸಿ ಸಂಶಯಪಟ್ಟರು.

ಸತ್ಯ ಖಚಿತವಾಗಿ ತಿಳಿದರೂ ಜನರ ಮನಸ್ಸು ನಾವೆಣಿಸಿದ ಕಡೆಗೇ ಹರಿಯುತ್ತದೆಂಬ ಭರವಸೆಯಿಲ್ಲ. ವಿಯೆಟ್ನಾಮಿನ ಮೈ ಲೈ ಹಳ್ಳಿಯ ಕೊಲೆಗಳಿಗಾಗಿ ಅಮೆರಿಕದ ಸೇನಾಧಿಕಾರಿ ವಿಲಿಯಂ ಕ್ಯಾಲಿಗೆ ಜೀವಾವಧಿ ಶಿಕ್ಷೆ ವಿಧಿಸಿದ ದಿನ 1971ರ ಮಾರ್ಚ್ 31; ಫೋಟೋಗಳನ್ನು ಕಣ್ಣಾರೆ ಕಂಡಿದ್ದ ಅಮೆರಿಕನ್ನರಲ್ಲಿ ಬಹುಪಾಲು ಜನ ಕ್ಯಾಲಿಯ ಪರವಾಗಿಯೇ ನಿಂತರು. ಅದೇ ದಿನ ನಮ್ಮ ಸಂಸತ್ತು ಪೂರ್ವ ಬಂಗಾಳದ ಜನರ ಬೆಂಬಲಕ್ಕೆ ನಿರ್ಣಯ ಅಂಗೀಕರಿಸಿತು.

ಈಗ ನನ್ನ ಅಹವಾಲು. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ವಾಚನಾಲಯವೊಂದಕ್ಕೆ 1971ರ ಪತ್ರಿಕೆಗಳನ್ನು ನೋಡಲು ಹೋಗಿದ್ದೆ. ಜಾಗ ಸಾಲದೆಂದು ಕಟ್ಟುಕಟ್ಟಾಗಿ ರದ್ದಿಗೆ ತೂಗಿಸಿ ಕೊಟ್ಟೆವು ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಳೆಗಾಲದಲ್ಲಿ ಸೋರುವ ಕೋಣೆಯಲ್ಲಿ ಅವರಾದರೂ ಏನು ಮಾಡಿಯಾರು. ಆದರೆ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇಕಡಾ 6ರ ಗ್ರಂಥಾಲಯ ಕರವನ್ನು ನಾವು ಪಾಲಿಕೆಗೆ ಕಟ್ಟುತ್ತ ಬಂದಿದ್ದೇವೆ. ಆ ಹಣದ ಒಂದು ಸಣ್ಣ ಪಾಲು ಈ ಕೆಲಸಕ್ಕೆ ಸಲ್ಲುವಂತೆ ತಾವು ಗ್ರಂಥಾಲಯ ಇಲಾಖೆಯೊಡನೆ ಮಾತನಾಡಬೇಕು. ಅವಳಿನಗರದ ಗ್ರಂಥಾಲಯ, ವಾಚನಾಲಯಗಳಲ್ಲಿ 1971ರ ಮಾರ್ಚಿನಿಂದ ಒಂದು ವರ್ಷದ ಪತ್ರಿಕೆಗಳು ಎಲ್ಲೆಲ್ಲಿ ಉಳಿದಿವೆ ಎಂಬ ಪಟ್ಟಿ ಮೊದಲು ಆಗಲಿ. ಪಟ್ಟಿಗೆ ಸೇರುವ ತನಕ ಒಂದು ಹಾಳೆಯೂ ತಕ್ಕಡಿ ಏರದಿರಲಿ. ಉಳಿದವನ್ನು ಸ್ಕ್ಯಾನ್ ಮಾಡಿಸಿ ಎಲ್ಲರಿಗೂ ಓದಲು ಸಿಗುವಂತಾಗಲಿ. ಇತಿಹಾಸ ಓದುವ ಕಾಲೇಜು ಮಕ್ಕಳ ಕೈಗೆ ಧ್ವನಿಮುದ್ರಣದ ಹೊಣೆ ಕೊಟ್ಟರೆ ಹಿರಿಯರ ಮಾತೂ ಉಳಿದೀತು. ಐದು ಪೈಸೆಯ ಚೀಟಿ ಹಚ್ಚಿದವರು, ನಿರಾಶ್ರಿತರಿಗಾಗಿ ಮನೆಮನೆಗೆ ಹೋಗಿ ಅರಿವೆ ಕೂಡಿಸಿದವರು ಈಗಲೂ ನಮ್ಮ ನಡುವೆ ಇದ್ದಾರೆ. ಪಟ್ಟಿ ಮಾಡುವ ಕೆಲಸಕ್ಕೆ ವಾರಕ್ಕೆ ಎರಡು ದಿನ ಸಂಬಳವಿಲ್ಲದೆ ಬಂದು ಕೂಡಲು ನಾನು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕ, ಧಾರವಾಡ