ಭಾನುವಾರದ ಕೂಟ: ಆಟಕ್ಕೆ ಮೊದಲು ಸ್ವಲ್ಪ ಮಾತು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಕುಂಜಿಬೆಟ್ಟಿನ ನಮ್ಮ ಮನೆಯ ಮಹಡಿಯಲ್ಲಿ ಸೇರೋಣ. ಮೊದಲ ಅರ್ಧ ಗಂಟೆ ಕನ್ಸೋಲ್ (ಟೀವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಮೆಷಿನ್) ಕಂಪನಿಗಳ ಪೈಪೋಟಿ ಬಗ್ಗೆ ಮಾತು, ಆಮೇಲೆ ಆಟ.

1991ರಲ್ಲಿ ಸೋನಿ, ಗೇಮ್ ಕಂಪನಿ ನಿಂಟೆಂಡೊ ಜೊತೆ ಸೇರಿ ಸಿಡಿ ಹಾಕುವ ಗೇಮ್ ಮೆಷಿನ್ ತರುತ್ತೇವೆ ಅಂತ ಚಿಕಾಗೋದಲ್ಲಿ ಹೇಳಿತು. ಮರುದಿನವೇ ನಿಂಟೆಂಡೊ ಸೋನಿಯನ್ನು ಬಿಟ್ಟು ಫಿಲಿಪ್ಸ್ ಕೈ ಹಿಡಿಯಿತು! ಆ ಮುಖಭಂಗದ ನಂತರವೇ ಸೋನಿ ತನ್ನ ಸ್ವಂತ ಕನ್ಸೋಲ್ ಪ್ಲೇಸ್ಟೇಷನ್ ಮಾಡಲು ಇಳಿದದ್ದು. 1995ರ ಮೇ ತಿಂಗಳಲ್ಲಿ ಇನ್ನೊಂದು ಗೇಮ್ ಕಂಪನಿ ಸೆಗಾ ಅಮೆರಿಕದಲ್ಲಿ ತನ್ನ ಕನ್ಸೋಲ್ ಸ್ಯಾಟರ್ನ್ ಅನ್ನು ಹೇಳದೆ ಕೇಳದೆ ನಾಲ್ಕು ತಿಂಗಳು ಮೊದಲೇ ಬಿಟ್ಟಿತು. ಬೆಲೆ 399 ಡಾಲರ್, ಅದೂ ಕೆಲವೇ ಅಂಗಡಿಗಳಲ್ಲಿ. ಸಿಗದ ಅಂಗಡಿಯವರು ಸಿಟ್ಟಾದರು, ಅದಕ್ಕೆ ಗೇಮ್ ತಯಾರಿಸುವ ಕಂಪನಿಗಳೂ ರೆಡಿ ಇರಲಿಲ್ಲ. ಅದೇ ದಿನ ಸೋನಿಯವರು ವೇದಿಕೆ ಹತ್ತಿ ಪ್ಲೇಸ್ಟೇಷನ್ ಬೆಲೆ (ಡಾಲರ್‌ನಲ್ಲಿ) ‘299’ ಅಂದು ಇಳಿದರು. ಅಷ್ಟೇ ಭಾಷಣ! 2001ರಲ್ಲಿ ಸೆಗಾ ಕನ್ಸೋಲ್ ಮಾಡುವುದನ್ನೇ ಬಿಟ್ಟಿತು. ಬರೀ ಬೆಲೆಯಿಂದ ಸೋತಿತು ಅನ್ನೋದನ್ನು ನಾನಂತೂ ಒಪ್ಪುವುದಿಲ್ಲ. ಒಪ್ಪುವವರು ವಾದಕ್ಕೆ ರೆಡಿಯಾಗಿ ಬನ್ನಿ.

ಕಂಟ್ರೋಲರ್ ಇದ್ದವರು ತನ್ನಿ. ಬೈಕ್ ಗೇಟಿನ ಒಳಗೇ ನಿಲ್ಲಿಸಿ, ಪಕ್ಕದ ಮನೆಯವರು ಸುಮ್ನೆ ಬಿಡಲ್ಲ. ಮಳೆಗೆ ಕರೆಂಟ್ ಹೋದರೆ ಇನ್ವರ್ಟರಿನಲ್ಲಿ ಒಂದೇ ಟೀವಿ.

ಗೋಳಿಬಜೆ ಎಷ್ಟು ಜನಕ್ಕೆ ಅಂತ ಅಮ್ಮನಿಗೆ ಹೇಳಬೇಕು. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.