ಸೀನನಿಗೊಂದು ಪತ್ರ: ಡ್ರಾಯರಿನಲ್ಲಿ ಉಳಿದ ಮಾತ್ರೆ

ಪ್ರೀತಿಯ ಸೀನ,

ನಿನ್ನ ಮಗಳ ಮದುವೆಯಲ್ಲಿ ನಾನು ಊಟಕ್ಕೆ ಕೂರದೆ ಹೊರಟೆ ಅಂತ ನೀನು ಮುನಿಸಿಕೊಂಡಿದ್ದೆ. ಕಾರಣ ಎಲ್ಲರೆದುರೇ ಹೇಳುತ್ತೇನೆ, ಇನ್ಯಾರಿಗಾದರೂ ಉಪಯೋಗವಾಗಲಿ. ಅವತ್ತು ಬೆಳಗ್ಗೆಯಿಂದ ಏಳು ಸಲ ಭೇದಿಯಾಗಿತ್ತು ಕಣೋ.

ಐದು ವರ್ಷದ ಮಂಡಿ ನೋವು ನಿನಗೆ ಗೊತ್ತು. ಸಂಧಿವಾತ ಅಂತ ಸ್ಟೀರಾಯ್ಡ್ ಕೊಟ್ಟಿದ್ದರು. ಆಮೇಲೆ ಭೇದಿ ಹಿಡಿಯಿತು, 14 ಕೆಜಿ ಇಳಿದೆ. ಕರುಳಿನ ಕ್ಷಯ ಇರಬಹುದು ಅಂದರು. ನಮ್ಮಲ್ಲಿ ಅದೇ ಜಾಸ್ತಿ ಅಲ್ವಾ? ಕೊನೆಗೆ ಒಬ್ಬ ಡಾಕ್ಟರಮ್ಮ ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ಶುರುವಿನಿಂದ ಚೂರು ತೆಗೆದು, ಪಿಎಎಸ್ ಅನ್ನುವ ಬಣ್ಣ ಹಾಕಿಸಿದರು. ಸ್ಲೈಡ್ ನನಗೂ ತೋರಿಸಿದರು. ಉಬ್ಬಿದ ಜೀವಕೋಶಗಳು, ಒಂದೊಂದರ ಒಳಗೂ ಕಡುಗುಲಾಬಿ. ಬೀಟ್ರೂಟ್ ರಸ ಸಿಡಿದ ಹಾಗೆ. ಕ್ಷಯದ ಜಾತಿಯ ಕೆಲವು ರೋಗಾಣುಗಳಿದ್ದರೂ ಹೀಗೇ ಕಾಣುತ್ತದಂತೆ. ಅವು ಇಲ್ಲ ಅಂತ ಬೇರೆ ಬಣ್ಣ ಹಾಕಿ ನೋಡಿ, ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಯಲ್ಲಿ ಕಾಯಿಲೆ ಯಾವುದು ಅಂತ ಖಾತ್ರಿ ಮಾಡಿದರು. ವಿಪ್ಪಲ್ ಕಾಯಿಲೆ. ಒಂದು ಬ್ಯಾಕ್ಟೀರಿಯಾದಿಂದ ಕರುಳಿಗೂ ಕೀಲಿಗೂ ಹತ್ತುವಂಥದ್ದು, ಬಲು ಅಪರೂಪದ್ದು.

1907ರಲ್ಲಿ ಅಮೆರಿಕದ ಡಾಕ್ಟರ್ ಜಾರ್ಜ್ ವಿಪ್ಪಲ್ ಇದನ್ನು ಮೊದಲು ಬರೆದಿಟ್ಟರು. ಅವರ ರೋಗಿಗೆ 36 ವರ್ಷ, ಅವನೂ ಡಾಕ್ಟರೇ. ಅದೇ ಕೀಲು ನೋವು, ಅದೇ ಭೇದಿ. ಉಳಿಯಲಿಲ್ಲ. ಆಗ ಆಂಟಿಬಯಾಟಿಕ್ ಎಲ್ಲಿತ್ತು? ಅದನ್ನು ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ.

ನನಗೆ ಎರಡು ವಾರ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್ ನರಕ್ಕೆ ಹಾಕಿದರು. ಆಮೇಲೆ ಕೋ-ಟ್ರೈಮಾಕ್ಸಜೋಲ್ ಮಾತ್ರೆ, ದಿನಕ್ಕೆ ಎರಡು ಹೊತ್ತು, ಒಂದು ವರ್ಷ. ಎರಡನೇ ವಾರಕ್ಕೆ ಭೇದಿ ನಿಂತಿತು. ದೀಪಾವಳಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಂಡೆ!

ಮೊನ್ನೆ ಭಾನುವಾರಕ್ಕೆ ವರ್ಷ ತುಂಬಿತು. ಖುಷಿಪಡಬೇಕಿತ್ತು. ಆದರೆ ಇದು ಎಷ್ಟೋ ವರ್ಷದ ಮೇಲೂ ಮರಳಬಹುದು, ಮಿದುಳಿಗೂ ಹೋಗಬಹುದು. ಸೀನ, ಕೊನೆಯ ಮಾತ್ರೆ ನಾನು ನುಂಗಿಲ್ಲ. ಸ್ಟ್ರಿಪ್‌ನಲ್ಲಿ ಹಾಗೇ ಇದೆ. ದಿನಾ ಡ್ರಾಯರ್ ತೆಗೆದು ನೋಡುತ್ತೇನೆ. ಅದು ಅಲ್ಲಿರುವ ತನಕ ಔಷಧಿ ಮುಗಿದಿಲ್ಲ ಅಂತ ಒಂದು ಧೈರ್ಯ. ಮೊನ್ನೆ ನಿನ್ನ ಅಳಿಯನ ಹೆಸರು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ತಲೆಗೇ ಬಂತೇನೋ ಅಂತ ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತೆ. ಮನೆಯವಳಿಗೆ ಹೇಳಿರಲಿಲ್ಲ. ಈಗ ಇಲ್ಲೇ ಓದುತ್ತಾಳೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಬಿಡು. ಯುಗಾದಿಗೆ ಬರುತ್ತೇನೆ. ಅತ್ತಿಗೆ ಕೈಯ ಹೋಳಿಗೆ ನಾಲ್ಕು ನನ್ನ ಪಾಲಿಗೆ ಎತ್ತಿಡಿಸು, ಮದುವೆ ಊಟದ ಬಾಕಿ ತೀರಿಸುತ್ತೇನೆ. ಆ ಎಮ್ಮೆ ವಿಷಯ ಮಾತ್ರ ಎತ್ತಬೇಡ.

ನಿನ್ನ,
ಗುಂಡ